ಬಿದ್ದ ಮೇಲೆ ತಲೆನೋವೇ? ಕುಟ್ಟ ಭಾಗದವರು ಆಸ್ಪತ್ರೆಗೆ ಹೊರಡಬೇಕಾದ್ದು ಯಾವಾಗ

ಕುಟ್ಟ: ಕಾಳುಮೆಣಸು ಕೊಯ್ಯುವಾಗ ಏಣಿ ಜಾರುವುದು, ಮರಗಸಿ ಮಾಡುವಾಗ ಕೊಂಬೆ ಮುರಿದು ಬೀಳುವುದು, ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಕಾಲು ಜಾರುವುದು, ತಿರುವಿನಲ್ಲಿ ಬೈಕ್ ಸ್ಕಿಡ್ ಆಗುವುದು. ದಕ್ಷಿಣ ಕೊಡಗಿನ ತೋಟದ ಊರುಗಳಲ್ಲಿ ಇದ್ಯಾವುದೂ ಹೊಸದಲ್ಲ. ಬಿದ್ದವರು ಎದ್ದು ಮೈ ಕೊಡವಿಕೊಂಡು "ಏನೂ ಆಗಿಲ್ಲ ಬಿಡಿ, ಸ್ವಲ್ಪ ತಲೆನೋವು ಅಷ್ಟೇ" ಅನ್ನುವುದೂ ಹೊಸದಲ್ಲ. ಹೆಚ್ಚಿನ ಸಲ ಆ ಮಾತು ನಿಜವೇ ಆಗಿರುತ್ತದೆ. ನಿಜವಲ್ಲದ ಕೆಲವು ಸಲ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತು ಬರುತ್ತದೆ.

ಎರಡನ್ನೂ ಬೇರ್ಪಡಿಸಲು ನೋಡಬೇಕಾದ್ದು ನೋವು ಎಷ್ಟಿದೆ ಎಂಬುದನ್ನಷ್ಟೇ ಅಲ್ಲ, ಅದು ಕಡಿಮೆ ಆಗ್ತಾ ಇದೆಯೋ ಜಾಸ್ತಿ ಆಗ್ತಾ ಇದೆಯೋ ಎಂಬುದನ್ನು. ದೊಡ್ಡ ಆಸ್ಪತ್ರೆ ದೂರವಿರುವ ಕುಟ್ಟದಂಥ ಗಡಿ ಊರಿನಲ್ಲಿ ಹೊರಡುವ ನಿರ್ಧಾರವನ್ನು ಪಟ್ಟಣದವರಿಗಿಂತ ಬೇಗ ತೆಗೆದುಕೊಳ್ಳಬೇಕಾಗುತ್ತದೆ.

ತಲೆಗೆ ಪೆಟ್ಟು ಬಿದ್ದಾಗ ಒಳಗೆ ಏನಾಗುತ್ತದೆ?

ಬಿದ್ದ ರಭಸಕ್ಕೆ ಮಿದುಳು ಕಪಾಲದೊಳಗೆ ಅಲುಗಾಡುತ್ತದೆ. ಇದರಿಂದ ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು-ಸದ್ದು ಸಹಿಸಲಾಗದಿರುವುದು, ಮಂಕು ಕವಿದಂತಾಗುವುದು ಇರಬಹುದು. ವೈದ್ಯರು ಇದನ್ನು ಕನ್‌ಕಷನ್ ಎನ್ನುತ್ತಾರೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಎರಡು ವಾರ, ಮಕ್ಕಳಲ್ಲಿ ನಾಲ್ಕು ವಾರದೊಳಗೆ ಇದು ವಾಸಿಯಾಗುತ್ತದೆ.

ಅಪಾಯ ಇರುವುದು ಒಳಗೆ ರಕ್ತಸ್ರಾವವಾದಾಗ. ಕಿವಿಯ ಮೇಲ್ಭಾಗದಲ್ಲಿ ಕಪಾಲದ ಮೂಳೆ ತೆಳುವಾಗಿದ್ದು, ಅದರ ಒಳಮೈಗೆ ಅಂಟಿಕೊಂಡಂತೆ ರಕ್ತನಾಳವೊಂದು ಹಾದುಹೋಗುತ್ತದೆ. ಮೂಳೆ ಬಿರುಕು ಬಿಟ್ಟಾಗ ಈ ನಾಳ ಹರಿದರೆ ರಕ್ತ ಶೇಖರವಾಗಿ ಮಿದುಳನ್ನು ಒತ್ತತೊಡಗುತ್ತದೆ. ಒತ್ತಡ ಏರುವ ತನಕ ಗಾಯಾಳು ಆರಾಮವಾಗಿ ಮಾತಾಡಿಕೊಂಡು, ಕಾಫಿ ಕುಡಿದುಕೊಂಡು ಇರಬಹುದು. ಮನೆಯವರು ಮೋಸ ಹೋಗುವುದು ಈ ಮಧ್ಯದ ಹೊತ್ತಿನಲ್ಲೇ.

ಬ್ರಿಟನ್ ಮೂಲದ ನಟಿ ನತಾಶಾ ರಿಚರ್ಡ್‌ಸನ್ ಅವರಿಗೆ ಆಗಿದ್ದು ಇದೇ. 2009ರ ಮಾರ್ಚ್ 16ರಂದು ಕೆನಡಾದಲ್ಲಿ ಹಿಮದ ಇಳಿಜಾರಿನಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದರು. ಎದ್ದು ನಗುತ್ತಲೇ ಮಾತಾಡಿದರು, ಬಂದಿದ್ದ ಆಂಬುಲೆನ್ಸ್ ವಾಪಸ್ ಹೋಯಿತು. ಆಮೇಲೆ ತಲೆನೋವು ಶುರುವಾಯಿತು. ಮಾರ್ಚ್ 18ರಂದು ತೀರಿಕೊಂಡರು. ಅವರಿಗೆ 45 ವರ್ಷ.

ಈ ಲಕ್ಷಣ ಕಂಡರೆ ಕಾಯಬೇಡಿ

ಕೆಳಗಿನವುಗಳಲ್ಲಿ ಒಂದು ಇದ್ದರೂ ಕೂಡಲೇ 108ಕ್ಕೆ ಕರೆ ಮಾಡಬೇಕು ಅಥವಾ ಸಿಕ್ಕ ವಾಹನದಲ್ಲಿ ಹೊರಡಬೇಕು:

- ಒಂದು ಕ್ಷಣವಾದರೂ ಪ್ರಜ್ಞೆ ತಪ್ಪಿದ್ದು, ಅಥವಾ ಬಿದ್ದದ್ದು ಹೇಗೆಂದು ನೆನಪೇ ಇಲ್ಲದಿರುವುದು
- ತಲೆನೋವು ಗಂಟೆಯಿಂದ ಗಂಟೆಗೆ ಏರುತ್ತಿರುವುದು, ಪ್ಯಾರಾಸಿಟಮಾಲ್ ಕೊಟ್ಟರೂ ಇಳಿಯದಿರುವುದು
- ಒಂದಕ್ಕಿಂತ ಹೆಚ್ಚು ಸಲ ವಾಂತಿ
- ಮಂಪರು, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿರುವುದು
- ಫಿಟ್ಸ್ ಬರುವುದು
- ಮಾತು ತೊದಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ನಡೆಯುವಾಗ ವಾಲುವುದು
- ಒಂದು ವಸ್ತು ಎರಡಾಗಿ ಕಾಣುವುದು, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಗಾತ್ರದಲ್ಲಿರುವುದು
- ಮೂಗು ಅಥವಾ ಕಿವಿಯಿಂದ ರಕ್ತ ಇಲ್ಲವೇ ನೀರಿನಂಥ ದ್ರವ ಸೋರುವುದು, ಕಿವಿಯ ಹಿಂದೆ ಅಥವಾ ಕಣ್ಣಿನ ಸುತ್ತ ನೀಲಿಗಟ್ಟುವುದು
- ವಿಚಿತ್ರವಾಗಿ ಆಡುವುದು, ವಿನಾಕಾರಣ ಸಿಟ್ಟು, ಮನೆಯವರ ಗುರುತು ಹಿಡಿಯದಿರುವುದು

ಲಕ್ಷಣ ಇಲ್ಲದಿದ್ದರೂ ವೈದ್ಯರಿಗೆ ತೋರಿಸಬೇಕಾದವರು

1 ಮೀಟರ್‌ಗಿಂತ ಅಥವಾ ಐದು ಮೆಟ್ಟಿಲಿಗಿಂತ ಎತ್ತರದಿಂದ ತಲೆಗೆ ಪೆಟ್ಟಾಗುವಂತೆ ಬಿದ್ದರೆ ವೈದ್ಯಕೀಯವಾಗಿ ಅದು ಅಪಾಯದ ಬೀಳುವಿಕೆ. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಮೆಣಸಿನ ಏಣಿ ಅದಕ್ಕಿಂತ ಎಷ್ಟೋ ಎತ್ತರ. ಆದ್ದರಿಂದ ಏಣಿಯಿಂದ ಬಿದ್ದು ತಲೆಗೆ ಏಟಾದ ಕಾರ್ಮಿಕರನ್ನು ಲೈನ್ ಮನೆಯಲ್ಲಿ ಮಲಗಿಸಿ "ನಾಳೆ ನೋಡೋಣ" ಎನ್ನುವಂತಿಲ್ಲ. ಮೇಸ್ತ್ರಿ ಅಥವಾ ರೈಟರ್ ಅದೇ ದಿನ ವೈದ್ಯರ ಬಳಿ ಕರೆದೊಯ್ಯಬೇಕು.

65 ದಾಟಿದವರು, ಹೃದಯ ಅಥವಾ ಪಾರ್ಶ್ವವಾಯು ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು, ಹಿಂದೆ ಮಿದುಳಿನ ಶಸ್ತ್ರಚಿಕಿತ್ಸೆ ಆದವರು, ಎರಡು ವರ್ಷದೊಳಗಿನ ಮಕ್ಕಳು ಕೂಡ ಇದೇ ಪಟ್ಟಿಗೆ ಸೇರುತ್ತಾರೆ. ಮಗು ಸಮಾಧಾನವಾಗದೆ ಅಳುತ್ತಿದ್ದರೆ, ಹಾಲು ಕುಡಿಯದಿದ್ದರೆ, ನೆತ್ತಿ ಉಬ್ಬಿದ್ದರೆ ತಡ ಮಾಡಬಾರದು.

ಕುಡಿದು ಬಿದ್ದವರ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು. ತೊದಲು ಮಾತು, ವಾಂತಿ, ಮಂಪರು ಇವೆಲ್ಲ ಅಮಲಿನಲ್ಲೂ ಬರುತ್ತವೆ, ಮಿದುಳಿನ ರಕ್ತಸ್ರಾವದಲ್ಲೂ ಬರುತ್ತವೆ. "ಕುಡಿದಿದ್ದಾನೆ, ಮಲಗಿದ್ರೆ ಸರಿ ಹೋಗ್ತಾನೆ" ಎಂದು ಬಿಟ್ಟುಬಿಡುವುದು ಅಪಾಯ.

ಬಿದ್ದ ಜಾಗದಲ್ಲಿ ಮಾಡಬೇಕಾದ್ದು

ಎತ್ತರದಿಂದ ಬಿದ್ದವರ ಕತ್ತಿನ ಮೂಳೆಗೂ ಪೆಟ್ಟಾಗಿರಬಹುದು. ಕೈ ಕಾಲು ಹಿಡಿದು ಎತ್ತಿ ಜೀಪಿಗೆ ಹಾಕಬಾರದು. ತಲೆ ಮತ್ತು ಕತ್ತು ಅಲುಗಾಡದಂತೆ ಒಬ್ಬರು ಹಿಡಿದುಕೊಂಡು, ಉಳಿದವರು ಇಡೀ ದೇಹವನ್ನು ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ವಾಂತಿ ಬಂದರೆ ಕತ್ತು ತಿರುಚದಂತೆ ಇಡೀ ದೇಹವನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು. ನೆತ್ತಿಯ ಗಾಯದಿಂದ ರಕ್ತ ಜಾಸ್ತಿ ಸುರಿಯುತ್ತದೆ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಮೂಳೆ ಒಳಗೆ ತಗ್ಗಿದಂತೆ ಕಂಡರೆ ಮಾತ್ರ ಒತ್ತದೆ ಸಡಿಲವಾಗಿ ಮುಚ್ಚಬೇಕು. ಕಾಫಿ ಪುಡಿ, ಅರಿಶಿನ ಮೆತ್ತಬಾರದು.

ನೋವಿಗೆ ಪ್ಯಾರಾಸಿಟಮಾಲ್ ಆಗಬಹುದು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ರಕ್ತಸ್ರಾವ ಹೆಚ್ಚಿಸಬಹುದಾದ್ದರಿಂದ ವೈದ್ಯರನ್ನು ಕೇಳದೆ ಬೇಡ.

ಕುಟ್ಟದಿಂದ ಎಲ್ಲಿಗೆ, ಯಾವಾಗ ಹೊರಡಬೇಕು?

ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪ್ರಥಮ ಚಿಕಿತ್ಸೆ, ಪರೀಕ್ಷೆ ಮತ್ತು ರೆಫರಲ್ ಸಿಗುತ್ತದೆ. ಒಳಗಿನ ರಕ್ತಸ್ರಾವ ಗೊತ್ತಾಗಬೇಕಾದರೆ ಸಿಟಿ ಸ್ಕ್ಯಾನ್ ಬೇಕು. ತಲೆಯ ಎಕ್ಸ್‌ರೇ ನಾರ್ಮಲ್ ಬಂತು ಎಂದರೆ ಮಿದುಳಿಗೆ ಏನೂ ಆಗಿಲ್ಲ ಎಂದರ್ಥವಲ್ಲ.

ಒಂದು ದಿಕ್ಕಿನಲ್ಲಿ ಗೋಣಿಕೊಪ್ಪ, ಅದರಾಚೆ ವಿರಾಜಪೇಟೆ ಮತ್ತು ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇವೆ. ಇನ್ನೊಂದು ದಿಕ್ಕಿನಲ್ಲಿ ತೋಲ್ಪೆಟ್ಟಿ ದಾಟಿದರೆ ಕೇರಳದ ಮಾನಂದವಾಡಿ. ಮೈಸೂರಿಗೆ ಹತ್ತಿರವಾಗುವ ನಾಗರಹೊಳೆ ಕಾಡಿನ ರಸ್ತೆ ರಾತ್ರಿ ಮುಚ್ಚಿರುತ್ತದೆ. ಹಾಗಾಗಿ ಮಧ್ಯಾಹ್ನ ಬಿದ್ದವರ ತಲೆನೋವು ಸಂಜೆ ಹೊತ್ತಿಗೆ ಏರುತ್ತಿದ್ದರೆ ಕತ್ತಲಾಗುವ ತನಕ ಕಾಯದೆ ಆಗಲೇ ಹೊರಡುವುದು ಒಳ್ಳೆಯದು. ಹೊರಡುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿ ಕೇಳಬೇಕಾದ ಪ್ರಶ್ನೆ ಎರಡೇ: ಈಗ ಸಿಟಿ ಸ್ಕ್ಯಾನ್ ಆಗುತ್ತದೆಯೇ? ಮಿದುಳಿನ ಶಸ್ತ್ರಚಿಕಿತ್ಸಕರು ಇದ್ದಾರೆಯೇ? ಸುಮ್ಮನೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವುದು ಇದರಿಂದ ತಪ್ಪುತ್ತದೆ.

108ಕ್ಕೆ ಕರೆ ಮಾಡಿದಾಗ ಕೊಡಗು ಜಿಲ್ಲೆ, ಕುಟ್ಟ ಎಂದು ಮೊದಲೇ ಹೇಳಿ, ತೋಟದ ಹೆಸರು ಮತ್ತು ಮುಖ್ಯರಸ್ತೆಯಿಂದ ಬರುವ ದಾರಿ ತಿಳಿಸಬೇಕು. ತೋಟದೊಳಗೆ ನೆಟ್‌ವರ್ಕ್ ಸಿಗದ ಕಡೆ ಒಬ್ಬರನ್ನು ಗೇಟಿನ ಬಳಿ ನಿಲ್ಲಿಸಬೇಕು. ಬಿಪಿಎಲ್ ಕಾರ್ಡ್, ಆಧಾರ್, ದಿನಾ ನುಂಗುವ ಮಾತ್ರೆಗಳ ಚೀಟಿ ಜೊತೆಗಿರಲಿ. ಗಾಯಾಳುವನ್ನು ಆಸ್ಪತ್ರೆಗೆ ತಂದವರಿಗೆ ಕಿರುಕುಳ ಆಗದಂತೆ ರಕ್ಷಿಸುವ ಕಾನೂನು ಕರ್ನಾಟಕದಲ್ಲಿ ಇದೆ. ಕೇಸ್ ಆಗುತ್ತದೆಂದು ಹೆದರಿ ಯಾರೂ ಹಿಂಜರಿಯಬೇಕಿಲ್ಲ.

ಮನೆಗೆ ಕಳುಹಿಸಿದ ಮೇಲೆ

ಮೊದಲ 24 ಗಂಟೆ ಗಾಯಾಳುವನ್ನು ಒಂಟಿಯಾಗಿ ಬಿಡಬಾರದು. ಪೆಟ್ಟಾದವರನ್ನು ಮಲಗಲೇ ಬಿಡಬಾರದು ಎಂಬ ನಂಬಿಕೆ ಇದೆ. ವೈದ್ಯರು ನೋಡಿ ಮನೆಗೆ ಕಳುಹಿಸಿದ್ದರೆ ನಿದ್ದೆಯಿಂದ ಕೆಡುಕಿಲ್ಲ. ಮೊದಲ ರಾತ್ರಿ ಯಾರಾದರೂ ಪಕ್ಕದಲ್ಲಿದ್ದು ಆಗಾಗ ಎಬ್ಬಿಸಿ ಹೆಸರು ಕೇಳಿದರೆ ಸಾಕು. ಸ್ಕ್ಯಾನ್ ಚೆನ್ನಾಗಿ ಬಂದಿದ್ದರೂ ಮೇಲಿನ ಲಕ್ಷಣ ಹೊಸದಾಗಿ ಕಂಡರೆ ವಾಪಸ್ ಹೋಗಬೇಕು. ತಲೆನೋವು, ತಲೆಸುತ್ತು ಪೂರ್ತಿ ಹೋಗುವ ತನಕ ಏಣಿ ಹತ್ತುವುದು, ಬೈಕ್ ಓಡಿಸುವುದು, ಕುಡಿಯುವುದು, ಹಾಕಿ ಆಡುವುದು ಬೇಡ. ಮೊದಲ ಪೆಟ್ಟು ಮಾಗುವ ಮುನ್ನ ಬೀಳುವ ಎರಡನೇ ಪೆಟ್ಟು ಹೆಚ್ಚು ಅಪಾಯಕಾರಿ.

ತಿಂಗಳ ನಂತರ ಬರುವ ತಲೆನೋವು

ವಯಸ್ಸಾದವರಲ್ಲಿ ರಕ್ತ ನಿಧಾನವಾಗಿ ಜಿನುಗಿ ವಾರಗಟ್ಟಲೆ ಕಳೆದ ಮೇಲೆ ತೊಂದರೆ ಕೊಡುವುದುಂಟು. ಆಷಾಢದಲ್ಲಿ ಬಚ್ಚಲಿನಲ್ಲಿ ಜಾರಿದ ಅಜ್ಜಿ ಕೈಲ್‌ಪೊಳ್ದ್ ಹೊತ್ತಿಗೆ ತಲೆನೋವು ಎನ್ನಬಹುದು, ಮರೆಯಬಹುದು, ನಡೆಯುವಾಗ ಎಡವಬಹುದು. ಮನೆಯವರು "ವಯಸ್ಸಾಯ್ತಲ್ಲ" ಎಂದು ಸುಮ್ಮನಾಗುತ್ತಾರೆ. ಇದೂ ಸಿಟಿ ಸ್ಕ್ಯಾನ್‌ನಲ್ಲಿ ಪತ್ತೆಯಾಗುತ್ತದೆ. ಕಪಾಲಕ್ಕೆ ಸಣ್ಣ ರಂಧ್ರ ಮಾಡಿ ರಕ್ತ ಹೊರತೆಗೆದರೆ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. ಹಿರಿಯರಿಗೆ ಹೊಸದಾಗಿ ತಲೆನೋವು ಬಂದರೆ ವೈದ್ಯರ ಬಳಿ ಹೇಳಲೇಬೇಕಾದ ಒಂದು ಸಂಗತಿ ಇದೆ: ಕಳೆದ ಎರಡು ಮೂರು ತಿಂಗಳಲ್ಲಿ ಎಲ್ಲಾದರೂ ಬಿದ್ದಿದ್ದರೇ ಎಂಬುದು.