ಕೋಳಿ ಸಾಯದ ರೋಗಕ್ಕೆ ಕಾಸು ಕೊಡುವವರು ಯಾರು?

ಕೋಳಿಯಿಂದ ಹರಡುವ ಸಾಲ್ಮೊನೆಲ್ಲಾ ಸುದ್ದಿ ಬಂದಾಗಲೆಲ್ಲ ಸಾಕುವವನ ಕೊಳಕನ್ನೂ ಅವನ ಆಂಟಿಬಯೋಟಿಕ್ಕನ್ನೂ ಬೈಯುವುದು ಈಗಿನ ರೂಢಿ. ಹಿರಿಯೂರು, ಹೊಸದುರ್ಗದ ಕಡೆಯ ಶೆಡ್ಡುಗಳಲ್ಲಿ ಪಶುವೈದ್ಯನಾಗಿ ತಿರುಗಿದ ನನಗೆ ಇದು ಅರೆಬರೆ ಲೆಕ್ಕ ಅನಿಸುತ್ತದೆ.

ಸಾಲ್ಮೊನೆಲ್ಲಾ ತಡೆಯ ಕಥೆಯ ಮೊದಲ ಘಟ್ಟವನ್ನು ಬೇಗ ಹೇಳಿ ಮುಗಿಸಬಹುದು. ಮರಿಗಳನ್ನು ಕೊಲ್ಲುವ ಬಿಳಿಭೇದಿಯ ರೋಗಾಣುವನ್ನು (ಅದೂ ಒಂದು ಸಾಲ್ಮೊನೆಲ್ಲಾವೇ) ಅಮೆರಿಕದ ರೆಟ್ಗರ್ 1899ರ ಸುಮಾರಿಗೆ ಗುರುತಿಸಿದರು. ಮುಂದೆ ಒಂದು ಹನಿ ರಕ್ತದ ಪರೀಕ್ಷೆಯಿಂದ ಸೋಂಕಿದ ತಾಯಿಕೋಳಿಗಳನ್ನು ಆರಿಸಿ ತೆಗೆಯುವ ಪದ್ಧತಿ ಬಂತು. ಮರಿ ಸತ್ತರೆ ನಷ್ಟ ಹ್ಯಾಚರಿಯದೇ, ಹಾಗಾಗಿ ಖರ್ಚಿಗೆ ಯಾರೂ ತಕರಾರು ತೆಗೆಯಲಿಲ್ಲ. ಕೋಳಿಗೆ ಏನೂ ಆಗದೆ ತಿಂದವನಿಗೆ ವಾಂತಿಭೇದಿ ತರುವ ಸಾಲ್ಮೊನೆಲ್ಲಾಗಳ ಕಡೆ ಗಮನ ಹರಿದದ್ದು ತಡವಾಗಿ. ಸ್ವೀಡನ್ನಿನ ಆಲ್ವೆಸ್ಟಾದಲ್ಲಿ 1953ರಲ್ಲಿ ಕಸಾಯಿಖಾನೆಯ ಮಾಂಸದಿಂದ ಸುಮಾರು 9,000 ಮಂದಿ ಕಾಯಿಲೆ ಬಿದ್ದರು, 90ರಷ್ಟು ಜನ ಸತ್ತರು. ಆಮೇಲೆ ಆ ದೇಶ ಸಾಲ್ಮೊನೆಲ್ಲಾ ತಡೆಗೆ ಕಾನೂನು ಮಾಡಿತು.

ನನ್ನ ತಲೆಮಾರಿನವರನ್ನು ಹಿಡಿದು ನಿಲ್ಲಿಸಿದ್ದು ಫಿನ್ಲೆಂಡಿನ ನುರ್ಮಿ ಮತ್ತು ರಂಟಾಲಾ 1973ರಲ್ಲಿ ಪ್ರಕಟಿಸಿದ ಕೆಲಸ. ಯಂತ್ರದಲ್ಲಿ ಮೊಟ್ಟೆಯೊಡೆದು ಬಂದ ಮರಿಗೆ ತಾಯಿಯ ಸಂಗವಿಲ್ಲ, ಕರುಳು ಖಾಲಿ. ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಸೂಕ್ಷ್ಮಜೀವಿಗಳನ್ನು ಮೊದಲ ದಿನವೇ ಕುಡಿಸಿದರೆ ಸಾಲ್ಮೊನೆಲ್ಲಾಗೆ ನೆಲೆ ಸಿಗುವುದು ಕಷ್ಟ. ಔಷಧಿ ಮಾರುವವರಿಗೆ ಇದು ಅಷ್ಟು ರುಚಿಸುವ ವಿದ್ಯೆಯಲ್ಲ! ಇಂಥ ಮುನ್ನೆಚ್ಚರಿಕೆಗೆ ಎಷ್ಟು ಖರ್ಚು ಮಾಡಬಹುದೆಂದು 1992ರಲ್ಲಿ ಸ್ವೀಡನ್ನಿನ ಅರ್ಥಶಾಸ್ತ್ರಜ್ಞರೇ ಲೆಕ್ಕ ಹಾಕಿದರು. ಡೆನ್ಮಾರ್ಕ್ ಇನ್ನೂ ಮುಂದೆ ಹೋಯಿತು. 2001ರಲ್ಲಿ ಹಂದಿ, ಕೋಳಿ, ಮೊಟ್ಟೆ ಮೂರೂ ಸೇರಿ ನಿಯಂತ್ರಣಕ್ಕೆ ತಗುಲಿದ್ದು 1.41 ಕೋಟಿ ಡಾಲರ್, ಸಮಾಜಕ್ಕೆ ಉಳಿದದ್ದು 2.55 ಕೋಟಿ ಡಾಲರ್ ಎಂಬುದು ಅಲ್ಲಿನವರ ಅಂದಾಜು. ಕೋಳಿಯ ಪಾಲಿಗೆ ಬಿದ್ದ ಖರ್ಚು ಕೆ.ಜಿ.ಗೆ 2 ಸೆಂಟ್.

ಆ 2 ಸೆಂಟ್ ನಮ್ಮಲ್ಲಿ ಯಾರ ಜೇಬಿನಿಂದ ಬರಬೇಕು? ಬ್ಯಾಚ್ ಎತ್ತಿದ ಮೇಲೆ ರೈತನ ಕೈಗೆ ಬರುವ, ಮರಿ-ಫೀಡ್ ಕೊಟ್ಟು ಕೂಲಿಗೆ ಸಾಕಿಸುವ ಕಂಪನಿಯ ಲೆಕ್ಕದ ಚೀಟಿ ನೋಡಿ: ಬಿಟ್ಟ ಮರಿ, ಸತ್ತ ಮರಿ, ತಿಂದ ಫೀಡ್, ಸರಾಸರಿ ತೂಕ, ಒಂದು ಕೆ.ಜಿ. ತೂಕಕ್ಕೆ ಎಷ್ಟು ಫೀಡ್ ಎಂಬ ಎಫ್‌ಸಿಆರ್. ಕೂಲಿ ನಿಲ್ಲುವುದು ಇವುಗಳ ಮೇಲೆ. ಸಾಲ್ಮೊನೆಲ್ಲಾ ಹೊತ್ತ ಬ್ರಾಯ್ಲರ್ ಸಾಮಾನ್ಯವಾಗಿ ತೂಕ ಬಿಡುವುದಿಲ್ಲ, ಸಾಯುವುದೂ ಇಲ್ಲ. ಹಾಗಿದ್ದ ಮೇಲೆ ಅದನ್ನು ತಡೆದವನಿಗೆ ಒಂದು ಪೈಸೆಯೂ ಹೆಚ್ಚು ಸಿಗದು. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಗಡಸು. ಕೋಳಿ ನೀರು ಕುಡಿಯುವ ನಿಪ್ಪಲ್ ಪೈಪಿನೊಳಗೆ ಉಪ್ಪು ಕಟ್ಟಿ, ಅದರ ಮೇಲೆ ರೋಗಾಣು ಅಡಗುವ ಲೋಳೆ ಕೂರುತ್ತದೆ. ಪ್ರತಿ ಬ್ಯಾಚಿಗೂ ಆಮ್ಲ ಹಾಕಿ ಪೈಪ್ ತೊಳೆಯುವುದು, ಆಮೇಲೆ ಕ್ಲೋರಿನ್ ಬಿಡುವುದು ರೈತನ ದುಡ್ಡು, ರೈತನ ಶ್ರಮ. ಅದರ ಲಾಭ ಬೆಂಗಳೂರಿನಲ್ಲಿ ಊಟಕ್ಕೆ ಕೂತವನದು. ಚೆನ್ನಾಗಿ ಬೇಯಿಸುತ್ತೇವಲ್ಲ ಎನ್ನುವವರು, ಕೋಳಿ ಕೊಯ್ದ ಮಣೆಯ ಮೇಲೆಯೇ ಈರುಳ್ಳಿ ಹೆಚ್ಚುವುದನ್ನು ಮರೆಯುತ್ತಾರೆ.

ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ಕನ್ನು ಕೋಳಿ, ಸಾಕುಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಸರಿಯೇ. ಆದರೆ ಬೇಡ ಎಂದಷ್ಟೇ ಹೇಳಿ, ಬದಲಿಗೆ ಮಾಡುವ ಕೆಲಸದ ಖರ್ಚನ್ನು ರೈತನ ತಲೆಗೇ ಬಿಟ್ಟರೆ ಹೇಗೆ? ಇತ್ತ ತಾಲ್ಲೂಕು ಆಸ್ಪತ್ರೆಗೆ ವಾಂತಿಭೇದಿಯಿಂದ ಬಂದವರ ಮಲ ಪರೀಕ್ಷಿಸಿ ಯಾವ ರೋಗಾಣು ಎಂದು ನೋಡುವುದೇ ಅಪರೂಪ. ರೋಗದ ಖರ್ಚು ಬರೆದಿಡದ ಕಡೆ ತಡೆಯುವ ಖರ್ಚು ಯಾವಾಗಲೂ ದುಬಾರಿಯಾಗಿಯೇ ಕಾಣುತ್ತದೆ.

ಈ ಖರ್ಚು ಹಂಚಿಕೊಳ್ಳುವುದನ್ನು ಮೊಟ್ಟೆಯಿಂದ ಶುರು ಮಾಡಬಹುದು. 2024ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಯೋಜನೆ ಇದೆ. ಇಷ್ಟು ದೊಡ್ಡ ಗಿರಾಕಿ ಸಾಲ್ಮೊನೆಲ್ಲಾ ಪರೀಕ್ಷೆಯಾದ ಹಿಂಡಿನ ಮೊಟ್ಟೆಯೇ ಬೇಕೆಂದು ಕೇಳಲಿ. ಅದಕ್ಕೆ ಕೆಲವು ಪೈಸೆ ಹೆಚ್ಚು ಕೊಡಲಿ.