ದಾರಿಯಲ್ಲೇ ಆರಂಭವಾದ ಚಿಕಿತ್ಸೆ

ಆಂಬುಲೆನ್ಸ್ ಎಷ್ಟು ನಿಮಿಷಗಳಲ್ಲಿ ಬಂದಿತೆಂದು ನಾವೆಲ್ಲರೂ ವಿಚಾರಿಸುತ್ತೇವೆ. ಅದರಿಂದ ಇಳಿದವರಿಗೆ ಏನು ತಿಳಿದಿತ್ತು ಎಂದು ಕೇಳುವವರು ವಿರಳ. ಸಿರಿವಂತ ಅಮೆರಿಕದಲ್ಲಿಯೂ 1960ರ ದಶಕದಲ್ಲಿ ಈ ಪ್ರಶ್ನೆಗೆ ಸಮಾಧಾನಕರ ಉತ್ತರವಿರಲಿಲ್ಲ. 1966ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಪ್ರಕಟಿಸಿದ ವರದಿಯ ಪ್ರಕಾರ, ದೇಶದ ಆಂಬುಲೆನ್ಸ್ ಸೇವೆಯ ಸುಮಾರು ಅರ್ಧಭಾಗವನ್ನು ನಡೆಸುತ್ತಿದ್ದವರು ಶವಸಂಸ್ಕಾರದ ವ್ಯವಸ್ಥೆ ಮಾಡುವ ವ್ಯಾಪಾರಿಗಳು! ಮನುಷ್ಯನನ್ನು ಮಲಗಿಸಿ ಒಯ್ಯುವಷ್ಟು ಉದ್ದದ ವಾಹನ ಅವರಲ್ಲಿತ್ತು, ಅಷ್ಟೆ.

ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದಲ್ಲಿ ಈ ಕೆಲಸ ಬಹುಮಟ್ಟಿಗೆ ಪೊಲೀಸರದಾಗಿತ್ತು. ರೋಗಿಯನ್ನು ವ್ಯಾನಿನ ಹಿಂಭಾಗದಲ್ಲಿ ಮಲಗಿಸಿ, ತಾವು ಮುಂದೆ ಕುಳಿತು ಆಸ್ಪತ್ರೆಗೆ ಧಾವಿಸುತ್ತಿದ್ದರು. ಉಸಿರು ನಿಂತವನ ಮೆದುಳು ನಾಲ್ಕೈದು ನಿಮಿಷಗಳಲ್ಲೇ ಹಾನಿಗೊಳ್ಳತೊಡಗುತ್ತದೆ. ಪಕ್ಕದಲ್ಲಿ ನೋಡಿಕೊಳ್ಳುವವರಿಲ್ಲದ ಮೇಲೆ ಆ ಧಾವಂತದಿಂದ ಪ್ರಯೋಜನವೇನು? ಕಪ್ಪು ಜನಾಂಗದವರು ವಾಸವಾಗಿದ್ದ ಹಿಲ್ ಡಿಸ್ಟ್ರಿಕ್ಟ್ ಬಡಾವಣೆಗಂತೂ ಪೊಲೀಸರು ತಡವಾಗಿಯೇ ಬರುತ್ತಿದ್ದರು; ಅವರನ್ನು ಕರೆಯಲು ಜನರಿಗೂ ಅಳುಕು. ಆದರೆ ಅಧಿಕಾರವಿದ್ದವರಿಗೂ ಈ ವ್ಯವಸ್ಥೆಯಿಂದ ರಕ್ಷಣೆಯಿರಲಿಲ್ಲ. ರಾಜ್ಯದ ಮಾಜಿ ಗವರ್ನರ್ ಡೇವಿಡ್ ಲಾರೆನ್ಸ್ 1966ರ ನವೆಂಬರಿನಲ್ಲಿ ಸಭೆಯೊಂದರಲ್ಲಿ ಕುಸಿದಾಗಲೂ ಬಂದದ್ದು ಪೊಲೀಸ್ ವಾಹನವೇ. ಅವರಿಗೆ ಮತ್ತೆ ಪ್ರಜ್ಞೆ ಮರಳಲಿಲ್ಲ.

ಅದೇ ನಗರದಲ್ಲಿದ್ದರು ಡಾ. ಪೀಟರ್ ಸಫಾರ್. ವಿಯೆನ್ನಾದಲ್ಲಿ ಜನಿಸಿದ ಈ ಅರಿವಳಿಕೆ ತಜ್ಞರು, ಬಾಯಿಂದ ಬಾಯಿಗೆ ಉಸಿರು ನೀಡುವ ಕ್ರಮವನ್ನು ಎದೆಯೊತ್ತುವ ಕ್ರಮದೊಡನೆ ಜೋಡಿಸಿ, ಇಂದು ಸಿ.ಪಿ.ಆರ್. ಎಂದು ಹೆಸರಾಗಿರುವ ವಿಧಾನವನ್ನು ರೂಪಿಸಿದವರಲ್ಲಿ ಪ್ರಮುಖರು. 1966ರಲ್ಲಿಯೇ ಅವರ ಎಳೆಯ ಮಗಳು ಎಲಿಜಬೆತ್ ಆಸ್ತಮಾದಿಂದ ತೀರಿಕೊಂಡಳು. ಆಸ್ಪತ್ರೆಯ ಬಾಗಿಲಿಗೆ ಬಂದ ಮೇಲೆ ಆರಂಭವಾಗುವ ಚಿಕಿತ್ಸೆ ಎಷ್ಟೋ ಬಾರಿ ತಡವಾಗಿರುತ್ತದೆ ಎಂಬುದು ಆ ತಂದೆಗೆ ಪುಸ್ತಕದ ಮಾತಾಗಿ ಉಳಿಯಲಿಲ್ಲ.

1967ರಲ್ಲಿ ಸಫಾರರು ಫಿಲ್ ಹ್ಯಾಲೆನ್ ಎಂಬವರೊಡನೆ ಸೇರಿ, ಹಿಲ್ ಡಿಸ್ಟ್ರಿಕ್ಟಿನಲ್ಲಿ ಕಪ್ಪು ಜನರಿಗೆ ಉದ್ಯೋಗ ಒದಗಿಸಲು ಶ್ರಮಿಸುತ್ತಿದ್ದ 'ಫ್ರೀಡಂ ಹೌಸ್' ಸಂಸ್ಥೆಯ ಮೂಲಕ ಹೊಸ ಪ್ರಯೋಗಕ್ಕೆ ಕೈಹಾಕಿದರು. ಅವರು ಆರಿಸಿಕೊಂಡದ್ದು ಪದವೀಧರರನ್ನಲ್ಲ. ಆ ಬಡಾವಣೆಯ ನಿರುದ್ಯೋಗಿಗಳನ್ನು. ಅವರಲ್ಲಿ ಕೆಲವರು ಪ್ರೌಢಶಾಲೆಯನ್ನೂ ಮುಗಿಸಿರಲಿಲ್ಲ. ಕೆಲವರು ವಿಯೆಟ್ನಾಂ ಯುದ್ಧದಿಂದ ಮರಳಿದವರು. ಸುಮಾರು 300 ಗಂಟೆಗಳ ತರಬೇತಿಯ ಬಳಿಕ, 1968ರಲ್ಲಿ ಅವರ ವಾಹನಗಳು ರಸ್ತೆಗಿಳಿದವು. ಮೊದಲ ವರ್ಷವೇ ಐದು ಸಾವಿರಕ್ಕೂ ಹೆಚ್ಚು ಕರೆಗಳು. ಸಫಾರರ ಲೆಕ್ಕದಂತೆ ಉಳಿದ ಜೀವಗಳು ಸುಮಾರು 200. ಕೆಲಸಕ್ಕೆ ಬಾರದವರೆಂದು ನಗರ ಕಡೆಗಣಿಸಿದ್ದ ಕೈಗಳು ಮಾಡಿದ ಕೆಲಸವಿದು. ಮುಂದೆ ಇವರ ವೈದ್ಯಕೀಯ ನಿರ್ದೇಶಕಿಯಾದ ಯುವ ವೈದ್ಯೆ ನ್ಯಾನ್ಸಿ ಕ್ಯಾರೊಲಿನ್ ತಾವೂ ಇವರೊಡನೆ ವಾಹನವೇರಿ ಹೋಗುತ್ತಿದ್ದರು. ಶ್ವಾಸನಾಳಕ್ಕೆ ಕೊಳವೆ ಇಳಿಸುವುದನ್ನೂ ರಕ್ತನಾಳದ ಮೂಲಕ ಔಷಧ ನೀಡುವುದನ್ನೂ ಬೀದಿಯಲ್ಲೇ ಮಾಡುವಷ್ಟು ಅವರನ್ನು ಪಳಗಿಸಿದರು.

ಇಷ್ಟಾದರೂ ನಗರಾಡಳಿತದ ಒಲವು ಇವರ ಮೇಲಿರಲಿಲ್ಲ. ಅನುದಾನ ಕಡಿತಗೊಂಡಿತು. 1975ರ ಅಕ್ಟೋಬರಿನಲ್ಲಿ ನಗರವು ತನ್ನದೇ ಆಂಬುಲೆನ್ಸ್ ವಿಭಾಗವನ್ನು ಆರಂಭಿಸಿದಾಗ ಫ್ರೀಡಂ ಹೌಸ್ ಸೇವೆ ಮುಚ್ಚಿತು. ಅದರ ಸಿಬ್ಬಂದಿಯನ್ನು ಸೇರಿಸಿಕೊಳ್ಳಬೇಕೆಂದು ಡಾ. ಕ್ಯಾರೊಲಿನ್ ಪಟ್ಟುಹಿಡಿದರು. ಸೇರಿಸಿಕೊಂಡದ್ದೇನೋ ಹೌದು, ಆದರೆ ವರ್ಷಗಳ ಅನುಭವವಿದ್ದ ಹಲವರನ್ನು ಹೊಸ ಪರೀಕ್ಷೆಗಳ ಮೂಲಕ ಹೊರದಬ್ಬಲಾಯಿತು, ಇನ್ನು ಕೆಲವರನ್ನು ಚಿಕಿತ್ಸೆಗೆ ಸಂಬಂಧಿಸದ ಕೆಲಸಗಳಿಗೆ ಹಾಕಲಾಯಿತು. ಅದೇ ವರ್ಷಗಳಲ್ಲಿ, ಇವರಿಗೆ ಕಲಿಸುತ್ತ ಸಿದ್ಧವಾದ ಪಾಠಗಳ ಆಧಾರದ ಮೇಲೆ ಡಾ. ಕ್ಯಾರೊಲಿನ್ ಇಡೀ ಅಮೆರಿಕದ ಪ್ಯಾರಾಮೆಡಿಕ್‌ಗಳಿಗಾಗಿ ಪಠ್ಯಕ್ರಮವನ್ನು ಬರೆಯುತ್ತಿದ್ದರು.