ಬೇಸಿಗೆಯ ರಾಜಧಾನಿಗಳು

ನಾಗಪುರದಿಂದ ಭಂಡಾರಾ ರಸ್ತೆಯಲ್ಲಿ ಪೂರ್ವಕ್ಕೆ ಸುಮಾರು 35 ಕಿಲೋಮೀಟರ್ ಬಂದರೆ ಮೌದಾ. ಇಲ್ಲಿರುವ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಸಾಮರ್ಥ್ಯ 2,320 ಮೆಗಾವಾಟ್. ಯಾವ್ಯಾವುದೋ ಊರಿನ ಏಸಿಗಳಿಗೆ ಕರೆಂಟು ಕಳಿಸುವ ಈ ಊರಲ್ಲಿ ಮೇ ತಿಂಗಳ ಬಿಸಿಲು 45 ಡಿಗ್ರಿ ಮುಟ್ಟಿದರೆ ಯಾರೂ ಅದನ್ನು ಸುದ್ದಿ ಎಂದುಕೊಳ್ಳುವುದಿಲ್ಲ. ನಮ್ಮಂಥವರು ಹೇಗೋ ತಡೆದುಕೊಳ್ಳುತ್ತೇವೆ. ಆದರೆ ಎಪ್ಪತ್ತು ದಾಟಿದ ಅಮ್ಮ ಈಗ ನಮ್ಮ ಜೊತೆಗಿದ್ದಾರೆ. ಕೂಲರ್ ಮುಂದೆಯೇ ಕೂತು ಎರಡು ತಿಂಗಳು ಕಳೆಯುವ ಅವರನ್ನು ನೋಡಿ, ತಂಪಾದ ಬೆಟ್ಟದ ಕಡೆ ಒಂದು ಸಣ್ಣ ಮನೆ ಮಾಡಿಕೊಳ್ಳೋಣ ಎಂಬ ಮಾತು ಮನೆಯಲ್ಲಿ ಶುರುವಾಯಿತು. ಜಾಗ ಹುಡುಕುವ ಮೊದಲು, ಈ ಬಿಸಿಲಿನಿಂದ ಹಿಂದಿನವರು ಎಲ್ಲಿಗೆ ಓಡುತ್ತಿದ್ದರು ಎಂದು ಓದತೊಡಗಿದೆ.

ಹೆಚ್ಚು ಹುಡುಕಬೇಕಾಗಲಿಲ್ಲ. 1861ರಲ್ಲಿ ಬ್ರಿಟಿಷರು ಮಧ್ಯ ಪ್ರಾಂತ್ಯವನ್ನು ರಚಿಸಿ ನಾಗಪುರವನ್ನು ರಾಜಧಾನಿ ಮಾಡಿದರು. ಮರುವರ್ಷವೇ ಕ್ಯಾಪ್ಟನ್ ಜೇಮ್ಸ್ ಫೋರ್ಸೈತ್ ಸಾತ್ಪುಡಾ ಬೆಟ್ಟಗಳ ಪಚ್ಮಢಿಯಲ್ಲಿ ಬೈಸನ್ ಲಾಡ್ಜ್ ಕಟ್ಟಿಸಿದ. ಮುಂದೆ ಪಚ್ಮಢಿ ಈ ಪ್ರಾಂತ್ಯದ ಬೇಸಿಗೆ ರಾಜಧಾನಿಯಾಯಿತು. ಬಿಸಿಲೇರುತ್ತಿದ್ದಂತೆ ಸಾಹೇಬರು, ಕಡತಗಳು, ಗುಮಾಸ್ತರು ಎಲ್ಲ ಬೆಟ್ಟ ಹತ್ತುತ್ತಿದ್ದರು. ಸಿಮ್ಲಾದಲ್ಲಿ ವೈಸ್‌ರಾಯ್, ಊಟಿಯಲ್ಲಿ ಮದರಾಸಿನ ಗವರ್ನರ್ ಮಾಡುತ್ತಿದ್ದದ್ದೂ ಇದನ್ನೇ.

ಇಲ್ಲಿ ಕನ್ನಡಿಗರಿಗೆ ನಗು ಬರಿಸುವ ಒಂದು ಲೆಕ್ಕವಿದೆ. ಸಾವಿರ ಮೀಟರ್ ಮೇಲೇರಿದರೆ ಗಾಳಿ ಸುಮಾರು ಆರು ಡಿಗ್ರಿ ತಣ್ಣಗಾಗುತ್ತದೆ. ನಾಗಪುರ ಸಮುದ್ರ ಮಟ್ಟದಿಂದ 310 ಮೀಟರ್ ಎತ್ತರದಲ್ಲಿದ್ದರೆ ಪಚ್ಮಢಿ ಸುಮಾರು 1,070 ಮೀಟರ್. ನಮ್ಮ ಬೆಂಗಳೂರು 920. ಅಂದರೆ ಇಡೀ ಪ್ರಾಂತ್ಯದ ಸರ್ಕಾರ ಗಂಟುಮೂಟೆ ಕಟ್ಟಿಕೊಂಡು ಹತ್ತುತ್ತಿದ್ದ ಬೆಟ್ಟ ಬೆಂಗಳೂರಿಗಿಂತ ಎತ್ತರವಿರುವುದು 150 ಮೀಟರ್ ಮಾತ್ರ! 1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸಾಗಿಸಿದ್ದೂ ಹವೆಗಾಗಿಯೇ. ನಾವು ಕೆಲಸಕ್ಕೆಂದು ಬಿಟ್ಟುಬಂದ ಊರೇ ಒಂದು ಕಾಲದ ಆರೋಗ್ಯಧಾಮ.

ಪಚ್ಮಢಿ ಬೇಡವೆಂದರೆ ಅಮರಾವತಿಯ ಮೇಲಿನ ಚಿಖಲ್‌ದರಾ ಇದೆ. ಎತ್ತರ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಕಾಫಿ ಬೆಳೆಯುತ್ತದೆ ಎಂದು ಕೇಳಿದ ಕೂಡಲೇ ಚಿಕ್ಕಮಗಳೂರಿನವಳಾದ ನನ್ನ ಹೆಂಡತಿಯ ಕಿವಿ ನಿಮಿರಿತು. ಪಕ್ಕದ ಗಾವಿಲಗಡ ಕೋಟೆ ಕಟ್ಟಿಸಿದವನು ಬಹಮನಿ ದೊರೆ ಅಹಮದ್ ಶಾ, ಕಲಬುರಗಿಯಿಂದ ಬೀದರಿಗೆ ರಾಜಧಾನಿ ಬದಲಿಸಿದ ಅದೇ ಅಹಮದ್ ಶಾ. ಆ ಕೋಟೆಯನ್ನು 1803ರ ಡಿಸೆಂಬರಿನಲ್ಲಿ ಗೆದ್ದವನು ಆರ್ಥರ್ ವೆಲ್ಲೆಸ್ಲಿ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿಯೂ ಅವನಿದ್ದ.

ಆದರೆ ಓದುತ್ತ ಹೋದಂತೆ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿತು. ಈ ಬೆಟ್ಟಗಳನ್ನು ಸಾಹೇಬರು 'ಕಂಡುಹಿಡಿದರು' ಎಂದು ಬರೆದಿರುತ್ತಾರೆ. ಹಾಗಾದರೆ ಅಲ್ಲಿ ಮೊದಲೇ ಇದ್ದವರು? ಪಚ್ಮಢಿ ಕೊರ್ಕು ಮತ್ತು ಗೊಂಡರ ನೆಲ. 1865ರಲ್ಲಿ ಪಕ್ಕದ ಬೋರಿ ಕಾಡು ಮೀಸಲು ಅರಣ್ಯವಾಯಿತು. ಕಾಡು ಕಡಿದು ಸುಟ್ಟು ಬಿತ್ತುವ ಅವರ ಬೇಸಾಯ, ನಮ್ಮ ಕಡೆ ಕುಮರಿ ಎನ್ನುತ್ತೇವಲ್ಲ ಅಂಥದ್ದು, ಸರ್ಕಾರದ ಕಣ್ಣಲ್ಲಿ ಅಪರಾಧವಾಯಿತು. ನೀಲಗಿರಿಯದೂ ಇದೇ ಕಥೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1822ರ ಹೊತ್ತಿಗೆ ಊಟಿಯಲ್ಲಿ ಕಲ್ಲುಮನೆ ಕಟ್ಟತೊಡಗಿದ. ತೋಡರಿಂದ ಎಕರೆಗೆ ಒಂದು ರೂಪಾಯಿಯಂತೆ ಭೂಮಿ ಕೊಂಡನಂತೆ. ತೋಡರ ಎಮ್ಮೆ ಮೇಯುತ್ತಿದ್ದ, ಕನ್ನಡಕ್ಕೆ ತೀರ ಹತ್ತಿರದ ಮಾತಾಡುವ ಬಡಗರು ಉಳುತ್ತಿದ್ದ ಸೀಮೆ ನೋಡನೋಡುತ್ತಿದ್ದಂತೆ ಬಂಗಲೆ, ಟೀ ತೋಟ, ನೀಲಗಿರಿ ಮರಗಳಿಂದ ತುಂಬಿತು. ನಮ್ಮ ಮೈಸೂರು ಅರಸರೂ ಫರ್ನ್‌ಹಿಲ್‌ನಲ್ಲಿ ಬೇಸಿಗೆ ಅರಮನೆ ಮಾಡಿಕೊಂಡರು. ಈಗ ಜನಸಂದಣಿ ಎಷ್ಟಾಗಿದೆಯೆಂದರೆ 2024ರ ಮೇ ತಿಂಗಳಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಊಟಿಗೆ ಹೋಗುವ ವಾಹನಗಳಿಗೆ ಇ-ಪಾಸ್ ಬೇಕು. ಒಬ್ಬರ ಎರಡನೇ ಮನೆ ನಿಂತಿರುವುದು ಇನ್ನೊಬ್ಬರ ಮೊದಲ ಮನೆಯ ಅಂಗಳದಲ್ಲಿ.

ಈ ವಿದರ್ಭದ ಬಿಸಿಲಿನಿಂದಲೇ ಹೊರಟ ಇನ್ನೊಬ್ಬರ ಕಥೆ ಬೇರೆ ದಾರಿ ತೋರಿಸಿತು. 1936ರ ಏಪ್ರಿಲ್ ಕೊನೆಗೆ ಗಾಂಧೀಜಿ ವರ್ಧಾ ಬಳಿಯ ಸೇಗಾಂವ್‌ಗೆ ಬಂದರು. ಮುಂದೆ ಸೇವಾಗ್ರಾಮ ಎಂದಾದ ಹಳ್ಳಿ ಅದು. ಆರೋಗ್ಯ ಸರಿಯಿರಲಿಲ್ಲ. ಹಾಗಾಗಿ ಮೇ ತಿಂಗಳು ಅವರು ವಿಶ್ರಾಂತಿಗೆ ಹೋದದ್ದು ನಮ್ಮ ನಂದಿಬೆಟ್ಟಕ್ಕೆ. 1927ರಲ್ಲಿ ನಿಪ್ಪಾಣಿಯ ಕಡೆ ಪ್ರವಾಸದಲ್ಲಿದ್ದಾಗ ಕಾಯಿಲೆ ಬಿದ್ದು ಚೇತರಿಸಿಕೊಂಡದ್ದೂ ಅಲ್ಲೇ. 1,478 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ಅದಕ್ಕೂ ಮೊದಲು ಟಿಪ್ಪು ಬೇಸಿಗೆ ಕಳೆದಿದ್ದ, ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಬಂಗಲೆ ಕಟ್ಟಿಸಿದ್ದ. ಗಾಂಧೀಜಿ ಏನನ್ನೂ ಕಟ್ಟಿಸಲಿಲ್ಲ. ಅತಿಥಿಯಾಗಿ ಬಂದರು, ಮೈ ಸುಧಾರಿಸಿದ ಮೇಲೆ ಇಳಿದು ತಮ್ಮ ಬಿಸಿಲೂರಿಗೆ ಹಿಂದಿರುಗಿದರು.

ಗಾಂಧಿಯವರ ಮಾತು ಬಿಡಿ, ಅವರಿಗೆ ಆತಿಥ್ಯ ಕೊಡುವವರಿದ್ದರು, ನಿಮಗ್ಯಾರು ಕೊಡುತ್ತಾರೆ ಎಂದು ನೀವು ಕೇಳಬಹುದು. ನಿಜ. ಆದರೆ ಬಾಡಿಗೆಯೂ ಒಂದು ಬಗೆಯ ಆತಿಥ್ಯವೇ. ಬೆಟ್ಟದೂರಿನಲ್ಲಿ ಮನೆ ಕಟ್ಟಿ ಹತ್ತು ತಿಂಗಳು ಬೀಗ ಹಾಕಿಟ್ಟರೆ ಆ ಊರಿಗೆ ಸಿಗುವುದು ಭೂಮಿಯ ಬೆಲೆ ಏರಿಕೆ ಮತ್ತು ಒಣಗಿದ ಬಾವಿ. ಎರಡು ತಿಂಗಳು ಬಾಡಿಗೆಗಿದ್ದರೆ ಅಲ್ಲಿನ ಮನೆಯವರಿಗೆ ನಾಲ್ಕು ಕಾಸಾದರೂ ಸಿಗುತ್ತದೆ. ಆದಿವಾಸಿಗಳ ಜಮೀನನ್ನು ಹೊರಗಿನವರು ಸುಲಭವಾಗಿ ಕೊಳ್ಳದಂತೆ ಮಹಾರಾಷ್ಟ್ರದಲ್ಲೂ ಮಧ್ಯಪ್ರದೇಶದಲ್ಲೂ ಕಾನೂನಿದೆ. ಕರ್ನಾಟಕದಲ್ಲಾದರೆ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ದುಡ್ಡಿದ್ದವರಿಗೆ ಬಾಗಿಲು ತೆರೆದಿದೆ. ತೆರೆದ ಬಾಗಿಲನ್ನೆಲ್ಲ ಹೊಕ್ಕಲೇಬೇಕೆಂದಿಲ್ಲ.

ಮುಂದಿನ ಏಪ್ರಿಲ್‌ಗೆ ಚಿಕ್ಕಬಳ್ಳಾಪುರದ ಕಡೆ, ನಂದಿ ಕಾಣುವ ಹಾಗೆ, ಎರಡು ತಿಂಗಳಿಗೆ ಬಾಡಿಗೆ ಮನೆ ನೋಡುತ್ತಿದ್ದೇವೆ. ಬೆಟ್ಟದ ತುದಿಯ ತಂಪು ಅಲ್ಲಿರದಿದ್ದರೂ ಮೌದಾಕ್ಕಿಂತ ಎಷ್ಟೋ ವಾಸಿ. ಅಮ್ಮನದು ಒಂದೇ ಷರತ್ತು: ಅಕ್ಕಪಕ್ಕದಲ್ಲಿ ಕನ್ನಡ ಮಾತಾಡುವವರಿರಬೇಕು. ಅವರಿಗೆ ಬೇಕಾದ ತಂಪು ಬರೀ ಗಾಳಿಯದಲ್ಲ.